ಮೌನ ಎಂಬ ಹೆಸರಿನವರು

ಅನುದಾನದ ಅರ್ಜಿಯಲ್ಲಿ ‘ಸಂಸ್ಥೆಯ ಕಿರುಪರಿಚಯ’ ಎಂದು ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಉಳಿದವರು ಅಲ್ಲಿ ಸಂಸ್ಥೆಯನ್ನು ಪರಿಚಯಿಸುತ್ತಾರೆ. ನಾನು ನನ್ನನ್ನೇ ಪರಿಚಯಿಸಿಕೊಂಡೆ. ಆಗ ಹಾಗೆ ಅನಿಸಿರಲಿಲ್ಲ. ಇಷ್ಟು ಒಳ್ಳೆಯ ವಾಕ್ಯ ಹೋಗಿ ಹೋಗಿ ಸರ್ಕಾರಿ ಕಡತದೊಳಗೆ ಬೀಳುತ್ತದಲ್ಲ ಎಂಬ ಸಂಕಟವಷ್ಟೇ ಆಗಿತ್ತು.

ಆ ವಾಕ್ಯ ಇದು: ‘ಈ ಮನೆಯ ಅತ್ಯಂತ ಹಳೆಯ ನಿವಾಸಿ ಮೌನ. ಎಲ್ಲರಿಗಿಂತ ಮೊದಲು ಬಂದವಳು ಅವಳು. ಯಾರ ಪ್ರಶ್ನೆಗೂ ಉತ್ತರಿಸಲಾರಳು.’

ಮನೆ ಎಂದರೆ ಎರಡು ಮಹಡಿಯ ಹಳೆಯ ಬಾಡಿಗೆ ಮನೆ. ಕೆಲಸ ಕೊಡಿಸುತ್ತೇವೆಂದು ನಂಬಿಸಿ, ಕರೆದೊಯ್ದು, ಯಾರೋ ಮಾರಿಬಿಟ್ಟಿದ್ದ ಒಂಬತ್ತು ಹೆಂಗಸರು ಬಿಡುಗಡೆಯಾದ ಮೇಲೆ ಅಲ್ಲಿದ್ದರು. ನಡೆಸುತ್ತಿದ್ದವರು ದೊಡ್ಡಮ್ಮ, ಕಾಗದಪತ್ರ ನೋಡಿಕೊಳ್ಳುತ್ತಿದ್ದವಳು ನಾನು. ದೊಡ್ಡಮ್ಮ ಯಾರಿಗೂ ದೊಡ್ಡಮ್ಮನಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದರು. ಬಾಡಿಗೆ, ಊಟ, ವಕೀಲರು, ಔಷಧಿ ಎಲ್ಲವೂ ಸರ್ಕಾರದ ಅನುದಾನದಿಂದ. ಅದು ನಿಂತರೆ ಮನೆ ಖಾಲಿ ಮಾಡಿ ಒಂಬತ್ತು ಜನರೂ ಊರಾಚೆಯ ದೊಡ್ಡ ನಿಲಯಕ್ಕೆ ಹೋಗಬೇಕು. ಅಲ್ಲಿ ಕೋಣೆಗಳ ಚಿಲಕ ಹೊರಗಡೆ ಇದೆ. ಇಲ್ಲಿ ಒಳಗಡೆ. ಈ ವ್ಯತ್ಯಾಸವನ್ನು ಅರ್ಜಿಯಲ್ಲಿ ಬರೆಯಬೇಕೆಂದು ನನಗೆ ಹೊಳೆಯಲಿಲ್ಲ. ಚಿಲಕದಲ್ಲಿ ನನಗೆ ಯಾವ ಆಳವೂ ಕಾಣಲಿಲ್ಲ.

ನನಗೆ ಆಳ ಕಾಣುತ್ತಿದ್ದದ್ದು ಮೌನದಲ್ಲಿ. ಇದು ಹುಟ್ಟುಗುಣ. “ನೀನು ಹುಟ್ಟಿದಾಗಲೂ ಅಳಲಿಲ್ಲ ಕಣೇ,” ಎನ್ನುತ್ತಾಳೆ ಅಮ್ಮ, “ನರ್ಸ್ ಬೆನ್ನಿಗೆ ಬಾರಿಸಿದ ಮೇಲೆ, ಅವಳ ಮನಸ್ಸು ನೋಯಿಸಬಾರದು ಅಂತ ಒಂದು ಸಲ ಕುಯ್ ಅಂದೆ.” ಎಂ.ಎ. ಓದಿ ಈ ಗುಣಕ್ಕೊಂದು ಗೌರವ ಸಂಪಾದಿಸಿಕೊಂಡಿದ್ದೆ. ನಾನು ಹಜಾರಕ್ಕೆ ಕಾಲಿಟ್ಟರೆ ಸಾಕು, ಮಾತಾಡುತ್ತಿದ್ದ ಹೆಂಗಸರು ಗಪ್‌ಚುಪ್ಪಾಗುತ್ತಿದ್ದರು. ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಇದು ಹೇಳಲಾಗದ ನೋವಿನ ಮೌನ ಎಂದುಕೊಂಡು, ಅದಕ್ಕೆ ಭಂಗ ತರಬಾರದೆಂದು ನಾನೂ ಕಿಟಕಿ ಪಕ್ಕ ಸುಮ್ಮನೆ ಕೂರುತ್ತಿದ್ದೆ. ಆಗಾಗ ನಿಟ್ಟುಸಿರು ಬಿಡುತ್ತಿದ್ದೆ. ಆ ನಿಟ್ಟುಸಿರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಅರ್ಜಿ ಹೋದ ಕೆಲವು ವಾರಗಳ ಮೇಲೆ ದೊಡ್ಡಮ್ಮ ಫೋನು ಕೈಯಲ್ಲಿ ಹಿಡಿದೇ ನನ್ನ ಮೇಜಿನ ಬಳಿ ಬಂದರು. ಮುಖ ಬಿಳಿಚಿಕೊಂಡಿತ್ತು.

“ಮೌನ ಅಂದ್ರೆ ಯಾರೇ?”

“ಮೌನ ಅಂದ್ರೆ... ಮೌನ, ದೊಡ್ಡಮ್ಮ.”

“ಇಲಾಖೆಯಿಂದ ಫೋನು. ನಮ್ಮ ಪಟ್ಟಿಯಲ್ಲಿ ಒಂಬತ್ತೇ ಹೆಸರಿದೆಯಂತೆ. ಎಲ್ಲರಿಗಿಂತ ಹಳಬಳು ಮೌನ ಅನ್ನೋಳು ಎಲ್ಲಿ ಹೋದ್ಲು ಅಂತಾರೆ. ಓಡಿಹೋದ್ಲಾ, ಮತ್ತೆ ಯಾರಾದ್ರೂ ಮಾರಿದ್ರಾ, ಇಲ್ಲಾ ನಾವೇ ದುಡ್ಡಿಗೋಸ್ಕರ ಇಲ್ಲದ ಹೆಸರು ಹುಟ್ಟಿಸಿದ್ವಾ ಅಂತ. ನಾಳೆ ಬರ್ತಾರಂತೆ. ಮೌನನ ಹಾಜರು ಮಾಡ್ಬೇಕಂತೆ.”

ನಾನು ಜೀವಮಾನದಲ್ಲಿ ಮೌನವನ್ನು ಅಷ್ಟು ಸಲೀಸಾಗಿ ಹಾಜರು ಮಾಡಿದ್ದು ಆಗಲೇ. ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಮರುದಿನ ಬಂದ ಅಧಿಕಾರಿ ಅಮ್ಮನ ವಯಸ್ಸಿನವರು. ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಹಜಾರದಲ್ಲಿ ಒಂಬತ್ತು ಜನರನ್ನೂ ಕೂರಿಸಿ, ಹೆಸರು ಕರೆದು, ಮುಖ ನೋಡಿ ಗುರುತು ಹಾಕಿಕೊಂಡರು. ಕೊನೆಗೆ ನನ್ನತ್ತ ತಿರುಗಿದರು.

“ಹೇಳಮ್ಮ. ಮೌನ ಎಲ್ಲಿ?”

“ಮೇಡಂ, ಅದು ವ್ಯಕ್ತಿಯಲ್ಲ. ರೂಪಕ.”

“ರೂಪಕ ಅನ್ನೋಳು ಬೇರೆ ಇದ್ದಾಳಾ?”

ದೊಡ್ಡಮ್ಮ ಹಣೆ ಹಿಡಿದುಕೊಂಡರು.

“ಅಂದ್ರೆ, ಇಲ್ಲಿ ಯಾರೂ ಹೆಚ್ಚು ಮಾತಾಡೋಲ್ಲ, ಆ ನಿಶ್ಶಬ್ದನೇ ಒಬ್ಬ ಹೆಂಗಸು ಅಂತ ಕಲ್ಪಿಸಿಕೊಂಡು...”

“ನೋಡಮ್ಮ,” ಅವರು ಕನ್ನಡಕ ತೆಗೆದರು. “ಹೋದ ವರ್ಷ ಇಂಥದ್ದೇ ಇನ್ನೊಂದು ಮನೆಯಿಂದ ಒಬ್ಬ ಹುಡುಗಿ ಕಾಣೆಯಾದ್ಲು. ಕೇಳಿದ್ರೆ ಅಂಥವಳು ಇರಲೇ ಇಲ್ಲ ಅಂದ್ರು. ಇನ್ನೂ ಸಿಕ್ಕಿಲ್ಲ. ರಾತ್ರಿಯೆಲ್ಲ ನಿನ್ನ ಮೌನನ ಯೋಚನೆ ನನಗೆ. ನೀನು ಕಲ್ಪನೆ ಅಂತೀಯ.”

ನಾನು ತಲೆ ತಗ್ಗಿಸಿದೆ. ಎಂಥ ವಾಕ್ಯ ಬರೆದಿದ್ದೆ! ಓದಿದವರ ನಿದ್ದೆ ಕೆಡಿಸಬೇಕೆಂಬುದು ನನ್ನ ಬಹುದಿನದ ಆಸೆ. ಅದು ಹೀಗೆ ನೆರವೇರಿತು.

ಆಗ ಹೊಲಿಗೆ ಯಂತ್ರದ ಹಿಂದಿನಿಂದ ಟೈಲರಕ್ಕನ ದನಿ ಬಂತು. ಇಡೀ ಮನೆಗೆ ಬಟ್ಟೆ ಹೊಲಿಯುವವಳು. ಒಂಬತ್ತು ಜನರಲ್ಲಿ ಹಿರಿಯಳು.

“ಯಾರು ಮಾತಾಡಲ್ಲ ಅಂತ ಬರೆದಿದ್ದು?”

“ನೀವೆಲ್ಲ...” ಎಂದೆ.

“ನಾವಾ?” ಎಲ್ಲರಿಗಿಂತ ಚಿಕ್ಕವಳು, ಎಲ್ಲರೂ ಪಟಾಕಿ ಎಂದು ಕರೆಯುವವಳು, ದಿಗ್ಗನೆ ಎದ್ದಳು. “ಅಕ್ಕಾ, ನಾವು ಸುಮ್ಮನಿರ್ತಿದ್ದದ್ದು ನಿಮ್ಮ ಸಲುವಾಗಿ! ನಿಮ್ಮ ಮನೇಲಿ ಯಾರೋ ತೀರಿಕೊಂಡಿದ್ದಾರೆ, ಪಾಪ, ಅದಕ್ಕೆ ಉಸಿರು ಬಿಡ್ತಾ ಕೂತಿರ್ತಾರೆ, ಅವರ ಮುಂದೆ ನಗಬೇಡಿ ಅಂತ ಟೈಲರಕ್ಕ ಹೇಳಿದ್ಲು.”

“ನಾನೇನು ಮಾಡ್ಲಿ? ಆ ಮುಖ ನೋಡಿದ್ರೆ ಸೂತಕ ಅಂತಲೇ ಅನ್ಸುತ್ತೆ,” ಎಂದಳು ಟೈಲರಕ್ಕ. “ಯಾರು ಹೋದದ್ದು ಅಂತ ಕೇಳೋಕೂ ಸಂಕೋಚ. ಗಂಡ ಇರಬಹುದು ಅಂದ್ಕೊಂಡೆ.”

“ನನಗೆ ಮದುವೆನೇ ಆಗಿಲ್ಲ!”

“ಅದಕ್ಕಾ ಉಸಿರು ಬಿಡ್ತಿದ್ದಿದ್ದು?” ಎಂದಿತು ಪಟಾಕಿ.

ಹಜಾರ ಘೊಳ್ಳೆಂದಿತು. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ಭುಜ ಕುಲುಕುತ್ತಿತ್ತು. ಅಧಿಕಾರಿ ಮಾತ್ರ ನಗಲಿಲ್ಲ.

“ಸರಿ. ಮಾತು ಬರುತ್ತೆ ಅಂತ ಗೊತ್ತಾಯ್ತು. ಆದ್ರೆ ಈ ಅರ್ಜಿಯಲ್ಲಿ ಮನೆ ಯಾಕೆ ಬೇಕು ಅಂತಲೇ ಇಲ್ಲ. ದೊಡ್ಡ ನಿಲಯದಲ್ಲಿ ಹಾಸಿಗೆಗಳು ಖಾಲಿ ಇವೆ. ನಿಮಗೆ ಈ ಮನೆಯೇ ಯಾಕೆ?”

ನಗು ನಿಂತಿತು. ಈಗ ಕವಿದದ್ದು ನಿಜವಾದ ಮೌನ. ನನ್ನಂಥ ಪರಿಣತಳಿಗೆ ವ್ಯತ್ಯಾಸ ತಿಳಿಯಬೇಕಿತ್ತು. ಇಷ್ಟು ದಿನ ತಿಳಿದಿರಲಿಲ್ಲ.

ಟೈಲರಕ್ಕ ಎದ್ದಳು. “ಬನ್ನಿ ಮೇಡಂ,” ಎಂದು ಕಾರಿಡಾರಿನ ಕೊನೆಯಲ್ಲಿದ್ದ ತನ್ನ ಕೋಣೆಯ ತನಕ ಕರೆದೊಯ್ದಳು. ನಾವೆಲ್ಲ ಹಿಂದೆ. ತಾನೊಬ್ಬಳೇ ಒಳಗೆ ಹೋಗಿ, ಅಧಿಕಾರಿಯ ಮುಖದೆದುರೇ ಬಾಗಿಲು ಮುಚ್ಚಿದಳು. ಟಕ್ ಎಂದು ಚಿಲಕ ಬಿತ್ತು.

ಅಧಿಕಾರಿ ಕಾದರು. ಆಮೇಲೆ ಬಾಗಿಲು ತಟ್ಟಿದರು. “ಏನಮ್ಮ ಇದು? ತೆಗಿ.”

“ಈಗ ಮನಸ್ಸಿಲ್ಲ ಮೇಡಂ,” ಒಳಗಿನಿಂದ ದನಿ. “ಮಾರಿದ ಮೇಲೆ ನಮ್ಮನ್ನ ಇಟ್ಟಿದ್ರಲ್ಲ, ಅಲ್ಲಿ ಚಿಲಕ ಹೊರಗಿತ್ತು. ಬಂದೋರು ತೆಗೆದು ಬರೋರು, ಹಾಕ್ಕೊಂಡು ಹೋಗೋರು. ನಿಮ್ಮ ನಿಲಯದಲ್ಲೂ ಹೊರಗೇ ಇದೆ. ಇಲ್ಲಿ, ನೋಡಿ, ನಾನು ತೆಗೆದ್ರೆ ತೆಗೆದ ಹಾಗೆ. ನೀವು ದೊಡ್ಡವರು, ಆದ್ರೂ ಹೊರಗೆ ನಿಂತಿದ್ದೀರಿ. ಅದಕ್ಕೇ ಈ ಮನೆ.”

ಅಧಿಕಾರಿ ಎತ್ತಿದ್ದ ಕೈ ಇಳಿಸಿದರು. ಟೈಲರಕ್ಕ ತೆಗೆಯುವವರೆಗೂ ಮತ್ತೆ ತಟ್ಟಲಿಲ್ಲ. ತೆಗೆದ ಮೇಲೆ, “ಒಳಗೆ ಬರಬಹುದಾ?” ಎಂದು ಕೇಳಿ ಒಳಗೆ ಹೋದರು.

ಹೊರಡುವಾಗ ನನ್ನನ್ನು ಕೂರಿಸಿ ಹೊಸ ಹಾಳೆ ಕೊಟ್ಟರು. “ಚಿಲಕದ ವಿಷಯ ಅವಳು ಹೇಳಿದ ಹಾಗೇ ಬರಿ. ಒಂದಕ್ಷರ ಸೇರಿಸಬೇಡ. ಆಮೇಲೆ ನಾನು ಹೇಳಿದ್ದು ಬರಿ.”

ಅವರು ಹೇಳಿದ್ದನ್ನು ನನ್ನ ಕೈಯಿಂದಲೇ ಬರೆದೆ: ‘ಮೌನ ಎಂಬ ಹೆಸರಿನವರು ಈ ಮನೆಯಲ್ಲಿ ಯಾರೂ ಇರುವುದಿಲ್ಲ, ಹಿಂದೆಯೂ ಇರಲಿಲ್ಲ. ಮುಂದೆ ಬಂದಲ್ಲಿ ತಕ್ಷಣ ಇಲಾಖೆಗೆ ತಿಳಿಸತಕ್ಕದ್ದು.’ ಕೆಳಗೆ ಒಂಬತ್ತು ಜನ ರುಜು ಹಾಕಿದರು. ಹತ್ತನೆಯದು ನನ್ನದು. ಇಷ್ಟು ವರ್ಷ ನಾನು ಆರಾಧಿಸಿದ್ದನ್ನು ಇಲ್ಲವೆಂದು ರುಜು ಹಾಕಿ, ಮೇಲೆ ಮುದ್ರೆ ಒತ್ತಿಸಿ ಕೊಟ್ಟೆ.

ಅನುದಾನ ಬಂತು. ಮನೆ ಉಳಿಯಿತು.

ಆದೇಶ ಬಂದ ದಿನ ಹಜಾರಕ್ಕೆ ಹೋದೆ. ಮಾತು ನಿಲ್ಲಲಿಲ್ಲ, ಯಂತ್ರವೂ ನಿಲ್ಲಲಿಲ್ಲ. ನಾನು ಬಂದದ್ದನ್ನು ಯಾರೂ ಗಮನಿಸಿದಂತಿರಲಿಲ್ಲ. ಅದು ಎಷ್ಟು ಹಿತವೆನಿಸಿತೆಂದರೆ, ಕಿಟಕಿ ಪಕ್ಕ ಕೂತು, ಹಳೆಯ ಚಾಳಿ ನೋಡಿ, ಉದ್ದಕ್ಕೆ ಒಂದು ಉಸಿರು ಬಿಟ್ಟೆ.

“ದೊಡ್ಡಮ್ಮಾ!” ಪಟಾಕಿ ಸಿಡಿಯಿತು. “ಮೌನ ಬಂದಿದ್ದಾಳೆ! ಇಲಾಖೆಗೆ ಫೋನು ಮಾಡಿ!”