ಫಿಜಿಯ ಹಸಿರು ಹಕ್ಕಿ

ಶುಕ್ರವಾರದ ಸಂತೆಯಲ್ಲಿ ಆ ಹಕ್ಕಿಯನ್ನು ಕಂಡದ್ದೇ ಅನ್ನಪೂರ್ಣೆವ್ವ ನಿಂತುಬಿಟ್ಟಿದ್ದಳು. ಗುಬ್ಬಿಗಿಂತ ಚಿಕ್ಕದು, ಎಲೆಹಸಿರು ಮೈ, ಕುಂಕುಮ ಮೆತ್ತಿದಂಥ ಮುಖ. ಎಲ್ಲೋ ಮಹಾಸಾಗರದ ನಡುವಿನ ಫಿಜಿ ದ್ವೀಪದ ಫಿಂಚ್ ಅಂತ ಅಂಗಡಿಯವನು ಹೇಳಿದ.

"ನಮ್ಮಂಗ ಇದೂ ಊರು ಬಿಟ್ಟು ಬಂದೈತಿ. ತಗೊಳ್ರಿ," ಅಂದಳು.

ಮಲಕಾಜಪ್ಪ ಹೆಂಡತಿಯ ಮಾತು ಮೀರಲಿಲ್ಲ. ಕೊಲ್ಲಿ ದೇಶದ ಎಣ್ಣೆ ಪಟ್ಟಣ ಅಹ್ಮದಿಯಲ್ಲಿ, ಅವನ ಕಂಪನಿ ಕೊಟ್ಟ ಮನೆಯ ಅಡುಗೆಮನೆ ಕಿಟಕಿಯಲ್ಲಿ ಪಂಜರ ತೂಗಿತು. ಅವಳು ರೊಟ್ಟಿ ಬಡಿಯತೊಡಗಿದರೆ ಹಕ್ಕಿಯೂ ಚಿರಿಚಿರಿ ಶುರುಮಾಡುತ್ತಿತ್ತು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅವಳ ಮಿದುಳಿನ ನರ ಒಡೆಯಿತು. ಆಸ್ಪತ್ರೆಗೆ ಹೋದವಳು ಮತ್ತೆ ಕಣ್ಣು ತೆರೆಯಲಿಲ್ಲ. ಆರು ವರ್ಷದ ಮಗಳು ಸ್ವಪ್ನಾಳನ್ನು ಪಕ್ಕದ ಮನೆಯ ಫೆಲ್ಸಿಬಾಯಿಯ ಹತ್ತಿರ ಬಿಟ್ಟು, ಮಲಕಾಜಪ್ಪ ಶವದ ಜೊತೆ ವಿಮಾನ ಹತ್ತಿ ಗದಗಕ್ಕೆ ಹೋದ. ಮಗುವಿಗೆ, "ಅವ್ವ ಊರಿಗೆ ಹೊಂಟಾಳ," ಅಂದಿದ್ದ. ಮಣ್ಣು ಕೊಟ್ಟು ಬಂದ ಮೇಲೂ ಅದನ್ನೇ ಅಂದ.

"ಹೇಳಿಬಿಡಿ ಮಾರಾಯ್ರೆ, ಮಗು ದಿನಾ ಬಾಗಿಲು ಕಾಯ್ತದೆ," ಅಂದರು ಫೆಲ್ಸಿಬಾಯಿ.

"ನಾಳೆ ಹೇಳ್ತೀನ್ರಿ."

ಒಂದು ಮಧ್ಯಾಹ್ನ ಡ್ಯೂಟಿಯಿಂದ ಬಂದರೆ ಕಿಟಕಿ ಹಾರುಹೊಡೆದಿತ್ತು, ಒಳಗೆ ಬೆಂಕಿಯಂಥ ಗಾಳಿ. ಪಂಜರ ಖಾಲಿ.

"ಹಕ್ಕಿ ಎಲ್ಲೈತಿ?"

"ಐ ಸೆಂಟ್ ಇಟ್ ಹೋಮ್, ಅಪ್ಪಾ. ಅವ್ವನ ಹಂಗ." ಎಷ್ಟೋ ದಿನಗಳ ಮೇಲೆ ಅವಳು ನಕ್ಕಿದ್ದಳು.

ಅವನು ಬರಿಗಾಲಲ್ಲೇ ಓಡಿದ. ಏಸಿಯ ನೀರು ತೊಟ್ಟಿಕ್ಕುವಲ್ಲಿ, ಗೋಡೆಯ ಬುಡದಲ್ಲಿ ಹಕ್ಕಿ ಬಿದ್ದಿತ್ತು. ಕೊಕ್ಕು ತೆರೆದಿತ್ತು, ರೆಕ್ಕೆಯ ತುಂಬ ಮರಳು. ಕರವಸ್ತ್ರದಲ್ಲಿ ಸುತ್ತಿ ಬಚ್ಚಿಡಬೇಕು ಅನ್ನುವಷ್ಟರಲ್ಲಿ ಮಗಳು ಹಿಂದೆಯೇ ನಿಂತಿದ್ದಳು.

"ಫಿಜಿ ಮುಟ್ಟಲಿಲ್ಲೇನು?"

"ಇಲ್ಲವ್ವಾ. ಭಾಳ ದೂರ ಐತಿ."

ಅವಳು ಬೆರಳಿಂದ ಹಕ್ಕಿಯ ರೆಕ್ಕೆಯ ಮರಳು ಒರೆಸಿದಳು. "ಮತ್ತ ಅವ್ವ ಮುಟ್ಯಾಳೇನು?"

ಮಲಕಾಜಪ್ಪ ಕಾದ ಮರಳಿನಲ್ಲೇ ಕೂತ. "ಅವ್ವ ಸತ್ತಾಳ, ಕೂಸ. ನನ್ನ ಕೈಯಾರೆ ಮಣ್ಣು ಕೊಟ್ಟು ಬಂದೀನಿ. ನಿನಗ ಸುಳ್ಳು ಹೇಳಿದೆ."

"ಹಕ್ಕೀನ ನಾನ ಕೊಂದೆನಾ?"

"ಇಲ್ಲ. ನಿಂದೇನೂ ತಪ್ಪಿಲ್ಲ, ಏನೂ ಇಲ್ಲ..." ಹೆಂಡತಿಯನ್ನು ಮಣ್ಣು ಮಾಡುವಾಗಲೂ ತಡೆದಿದ್ದ ಅಳು ಉಕ್ಕಿ ಬಂತು. ಮಗು ಅಳಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತ ನಿಂತಿತ್ತು.

ಆಮೇಲೆ ಎಷ್ಟೋ ತಿಂಗಳು, ಅವನು ಬೆಳಿಗ್ಗೆ ಚಪ್ಪಲಿ ಮೆಟ್ಟಿದರೆ ಸಾಕು, ಓಡಿ ಬಂದು ಅಂಗಿ ಹಿಡಿಯುತ್ತಿದ್ದಳು. "ಖರೇನ ಡ್ಯೂಟಿಗೇ ಹೊಂಟೀಯೇನು?"

"ಖರೇನವ್ವಾ."

ಆದರೂ ಬಿಡುತ್ತಿರಲಿಲ್ಲ.