ಕತ್ತಿನ ಗುಂಡಿ

ಕೇಳಿಬಿಡಲೇ? ಕೇಳಿದ ಮೇಲೆ ಅವಳು ನಕ್ಕುಬಿಟ್ಟರೆ? ನಗದೆ ಸುಮ್ಮನೆ ನಿಂತರೆ ಅದು ಇನ್ನೂ ಕಷ್ಟ. ಗಸ್ಟ್ ಹೆಫ್ನರ್ ಅಂಗಿಯ ಕತ್ತು ತೆರೆದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

ಹನ್ನೊಂದು ವರ್ಷ ವ್ಹೀಲಿಂಗ್ ಊರಿನ ಬೇಸ್‌ಬಾಲ್ ತಂಡಕ್ಕೆ ಎರಡನೇ ಬೇಸನ್ನು, ಓಟಗಾರರು ಮುಟ್ಟಬೇಕಾದ ಎರಡನೇ ಮೂಲೆಯನ್ನು, ಬರಿಗೈಯಲ್ಲಿ ಕಾದವನು ಅವನು. ಚೆಂಡು ಹಿಡಿಯುವ ಕೈಗವಸು ಆಗಿನ್ನೂ ಹೊಸದು; ಅದನ್ನು ಹಾಕಿದವನನ್ನು ಕಂಡರೆ 'ಚಳಿಯಾಯ್ತೇನೋ ಕಂದಾ' ಎಂದು ಹಂಗಿಸುತ್ತಿದ್ದ. ಬಲಗೈಯ ಮೂರು ಬೆರಳು ಮುರಿದು, ಹೇಗೆಹೇಗೋ ಕೂಡಿಕೊಂಡು, ಹಸಿಶುಂಠಿಯ ಗಡ್ಡೆಯಂತಾಗಿದ್ದವು. ಚೆಂಡು ಹಿಡಿಯುತ್ತಿದ್ದವು, ಗುಂಡಿ ಹಿಡಿಯುತ್ತಿರಲಿಲ್ಲ. ಹಾಗಾಗಿ ಮೂರು ಬೇಸಿಗೆಯಿಂದ, ಪಂದ್ಯದ ದಿನ ಬೆಳಿಗ್ಗೆ, ಅವನು ಬಾಡಿಗೆಗಿದ್ದ ಮನೆಯ ಒಡತಿ, ವಿಧವೆ ಒಟಿಲಿ ಬ್ರಾಂಟ್, ಕೈ ಒರೆಸಿಕೊಂಡು ಬಂದು ಅವನ ಕತ್ತಿನ ಗುಂಡಿ ಹಾಕುತ್ತಿದ್ದಳು. ಅಷ್ಟು ಹೊತ್ತು ಇಬ್ಬರೂ ಮಾತಾಡುತ್ತಿರಲಿಲ್ಲ. ಅವಳ ಕೈಯಲ್ಲಿ ಬ್ರೆಡ್ಡಿನ ಹಿಟ್ಟಿನ ಹುಳಿವಾಸನೆ ಇರುತ್ತಿತ್ತು.

ಮುಂದಿನ ವರ್ಷಕ್ಕೆ ಕೈಗವಸಿನವನೊಬ್ಬನನ್ನು ಗೊತ್ತುಮಾಡಿದ್ದೇವೆ ಎಂದು ಕ್ಯಾಪ್ಟನ್ ಹೋದ ವಾರ ಹೇಳಿದ್ದ, ಅವನ ಮುಖ ನೋಡದೆ. ದೂರದ ಡೆನ್ವರಿನ ತಂಡವೊಂದು ಒಂದು ವರ್ಷದ ಮಟ್ಟಿಗೆ ಬಾ ಎಂದಿತ್ತು. ಈ ವರ್ಷದ ಕೊನೆಯ ಆಟ ಇವತ್ತು; ಅದು ಮುಗಿದರೆ ಸಂಜೆಯ ರೈಲು. ಇಲ್ಲೇ ಉಳಿಯುವುದಾದರೆ ಆಟ ಬಿಡಬೇಕು. ಬಿಡಲು ಅವನು ಸಿದ್ಧನಿದ್ದ. ಅವಳು ಇರು ಎಂದರೆ ಸಾಕಿತ್ತು.

"ಬನ್ನಿ ಹೆಫ್ನರ್ರೇ, ಗಲ್ಲ ಎತ್ತಿ," ಎಂದಳು ಒಟಿಲಿ.

ಎತ್ತಿದ.

"ಆ ಊರಲ್ಲಿ ಇದನ್ನ ಯಾರು ಹಾಕ್ತಾರಂತೆ ನಿಮಗೆ?"

ಅವಳ ಬೆರಳು ಗುಂಡಿಯ ಮೇಲೇ ನಿಂತಿತ್ತು. ಚೆಂಡು ನೇರ ತನ್ನತ್ತಲೇ ಉರುಳಿ ಬರುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಇಷ್ಟು ನಿಧಾನವಾಗಿ ಬಂದದ್ದನ್ನು ಅವನು ಎಂದೂ ಬಿಟ್ಟವನಲ್ಲ.

"ಅಲ್ಲಿ ಮೂರನೇ ಬೇಸ್ ಕಾಯೋನಿಗೆ ಹೇಳ್ತೀನಿ, ಒಟಿಲಿಯವರೇ. ಅವನ ಗಡ್ಡ ಚುಚ್ಚುತ್ತೆ, ಏನ್ಮಾಡೋದು."

ಅವಳು ನಗಲಿಲ್ಲ. ಗುಂಡಿ ಹಾಕಿ, ಕಾಲರನ್ನು ಒಮ್ಮೆ ಸವರಿ, ಕಾಫಿ ಉಕ್ಕುತ್ತಿದೆ ಎನ್ನುತ್ತ ಒಲೆಯ ಕಡೆ ತಿರುಗಿದಳು. ಕಾಫಿ ಉಕ್ಕುತ್ತಿರಲಿಲ್ಲ.

ಅಂದು ಮಧ್ಯಾಹ್ನ ಅವನ ಕೈಯಿಂದ ಒಂದು ಚೆಂಡೂ ತಪ್ಪಲಿಲ್ಲ. ಜನ ಟೋಪಿ ಬೀಸಿದರು. ಅವನ ಕಣ್ಣು ಹೆಂಗಸರು ಕೂರುವ ಸಾಲಿನಲ್ಲಿ ಹುಡುಕುತ್ತಿತ್ತು, ಅವಳು ಬಂದಿರಲಿಲ್ಲ.

ರೈಲು ಊರಂಚಿನ ಓಹಿಯೋ ನದಿ ದಾಟುವಾಗ ಸೆಕೆಯೆನಿಸಿ ಗುಂಡಿ ಬಿಚ್ಚಿದ. ದಡ ಮರೆಯಾದ ಮೇಲೆ ಎಡಗೈಯ ಹೆಬ್ಬೆರಳಿನಿಂದ ಒತ್ತಿ, ಕನ್ನಡಿಯಿಲ್ಲದೆ, ತಾನೇ ಹಾಕಿಕೊಂಡ. ಕಳೆದ ಚಳಿಗಾಲದಲ್ಲಿ ತಂಗಿಯ ಮನೆಯಲ್ಲಿ ಕಲಿತದ್ದು. ಈ ಬೇಸಿಗೆ ಪೂರ್ತಿ ಅವನಿಗೆ ಅದು ಬರುತ್ತಿತ್ತು.

ಒಟಿಲಿಗೆ ಅದನ್ನು ಅವನು ಹೇಳಲೇ ಇಲ್ಲ.