ಕೈ ಜೋಡಿಸುವ ಕೆಲಸ

"ಲೇ ಕುಂಟ ನನ್ಮಗನೆ, ಅವ್ನ ಕೈ ಜೋಡ್ಸೋ ಅಂದ್ರೆ ಕಿವೀನೂ ಕುಂಟಾಯ್ತೇನ್ಲಾ?"

ಟ್ರಸ್ಟಿನ ಅಧ್ಯಕ್ಷರು ವೆಂಕಟರಂಗಯ್ಯ ಹೀಗೆಂದಾಗ ಹಾಲ್‌ನಲ್ಲಿ ಅರವತ್ತು ಜನ ಇದ್ದರು. ಅಂಗವಿಕಲರ ಹೋಮಿನ ನಾವು ಇಪ್ಪತ್ತೆರಡು ಜನ ಗೋಡೆಯುದ್ದಕ್ಕೂ ಸಾಲಾಗಿ. ಮಿಕ್ಕವರು ರೈಸ್‌ಮಿಲ್ಲಿನ ಸಾಹುಕಾರರ ನೆಂಟರಿಷ್ಟರು. ಅವತ್ತು ಅವರ ಮೊಮ್ಮಗಳ ಹುಟ್ಟುಹಬ್ಬ. ಅಧ್ಯಕ್ಷರ ಮಾತಿಗೆ ಒಂದಿಬ್ಬರು ನಕ್ಕರು. ನಗಬಾರದು ಅಂತ ಗೊತ್ತಿದ್ದವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

ಉಪ್ಪಾರಹಳ್ಳಿಯ ನಮ್ಮ ಹೋಮಿನಲ್ಲಿ ಊಟಕ್ಕೆ ಮುಂಚೆ ಇದೊಂದು ಪದ್ಧತಿ. ದಾನಿಗಳ ಮಗು ಕೇಕ್ ಕತ್ತರಿಸಬೇಕು, ನಾವು ಹಾಡಬೇಕು, ಚಪ್ಪಾಳೆ ತಟ್ಟಬೇಕು, ಆಮೇಲೆ ಆ ಮಗುವಿಗೆ ಕೈಮುಗಿಯಬೇಕು. ಕೈ ಬಗ್ಗದವರ ಹಿಂದೆ ಒಬ್ಬ ನಿಂತು ಅವರ ಕೈ ಹಿಡಿದು ಜೋಡಿಸಬೇಕು. ಫೋಟೋ ಆದ ಮೇಲೆ ಎಲೆ ಹಾಕುತ್ತಾರೆ. ದಿನಚರಿಯಲ್ಲಿ ಈ ಒಂದು ಗಂಟೆಗೆ 'ಮನರಂಜನಾ ಚಿಕಿತ್ಸೆ' ಅಂತ ಹೆಸರು. ಚಿಕ್ಕರಂಗಯ್ಯನ ಕೈ ಜೋಡಿಸುವ ಕೆಲಸ ನನ್ನದು.

ಚಿಕ್ಕರಂಗ ಕುಣಿಗಲ್ ಕಡೆಯವನು. ಮೂವತ್ತೊಂದು ವರ್ಷ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟು ಬಿದ್ದು ಕೈಕಾಲು ಸೆಟೆದುಕೊಂಡಿದ್ದವು. ಎರಡು ಕೈಯೂ ಮೊಣಕೈಯಲ್ಲಿ ಮಡಿಚಿ ಎದೆಗೆ ಅಂಟಿದಂತೆ ಇರುತ್ತಿದ್ದವು. ಮಾತು ತುಂಡುತುಂಡಾಗಿ, ಜೊಲ್ಲಿನ ಜೊತೆ ಹೊರಬರುತ್ತಿತ್ತು. ಕೇಳುವ ಪುರಸೊತ್ತು ಇಲ್ಲದವರಿಗೆ ಅದು ಬರೀ ಊಳು. ಪುರಸೊತ್ತು ಇದ್ದವರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಅಧ್ಯಕ್ಷರು ಗರಿಗರಿ ಪಂಚೆಯಲ್ಲಿ ಒಳಗೆ ಬಂದರೆ ಅವನು ನನ್ನ ಕಿವಿಯಲ್ಲಿ, "ಬಂತು... ಹುಂಜ" ಅನ್ನುತ್ತಿದ್ದ.

ಆ ದಿನ ಬೆಳಿಗ್ಗೆ ಅವನ ಮುಖ ತೊಳೆಸುವಾಗ ಹೇಳಿದ್ದ.

"ಗಂಗ... ಇವತ್ತು... ಬ್ಯಾಡ ಕಣ್ಲಾ."

"ಯಾಕ್ಲಾ, ನೋಯ್ತದಾ?"

"ನೋವು... ಹಾಳಾಗೋಗ್ಲಿ. ಆ ಚೋಟು ಮಗೀಗೆ... ನಾನ್ಯಾಕ್ಲಾ... ಕೈ ಮುಗೀಬೇಕು?"

ಅದಕ್ಕೇ ಈಗ ಅವನ ಹಿಂದೆ ನಿಂತು ಕೈ ಕಟ್ಟಿಕೊಂಡಿದ್ದೆ.

"ಅವ್ನಿಗೆ ಇಷ್ಟ ಇಲ್ವಂತೆ ಸಾರ್" ಅಂದೆ.

"ಇಷ್ಟ! ಕೇಳ್ರಪ್ಪ. ಮೂರೊತ್ತು ನುಂಗಾಕೆ ಇಷ್ಟ ಅದೆ, ಕೈ ಮುಗಿಯಾಕೆ ಇಷ್ಟ ಇಲ್ಲ!"

"ಬಿಡಿ ಮಾವ, ನಾನು ಮಾಡ್ತೀನಿ. ಇವ್ರಿಗೆಲ್ಲ ಟೆಕ್ನಿಕ್ ಗೊತ್ತಾಗಲ್ಲ" ಅಂದಳು ಅಧ್ಯಕ್ಷರ ಸೊಸೆ ಸಂಧ್ಯಾ. ಬೋರ್ಡಿನಲ್ಲಿ 'ಚಿಕಿತ್ಸಾ ತಜ್ಞೆ' ಅಂತ ಬರೆಸಿಕೊಂಡಿದ್ದು ಅವಳೇ. ಬರುವುದು ಫೋಟೋ ಇರುವ ದಿನ ಮಾತ್ರ. ಚಿಕ್ಕರಂಗನ ಹಿಂದೆ ಬಂದು ನಿಂತಳು, ಮುಖವನ್ನು ಕ್ಯಾಮೆರಾಕ್ಕೆ ತಿರುಗಿಸಿ ನಕ್ಕಳು, ನಗುತ್ತಲೇ ಎರಡು ಕೈಯನ್ನೂ ಹಿಡಿದು ಎಳೆದಳು.

ಪಕ್ಕದಲ್ಲಿದ್ದ ನನಗೆ ಮೂಳೆಯ ಸದ್ದು ಕೇಳಿಸಿತು. ಚಿಕ್ಕರಂಗ ಕಿರುಚಿದ.

"ಪಾಪ, ಖುಷಿಗೆ ಎಂಗೆ ಕೂಗ್ತದೆ ನೋಡ್ರೇ!" ಅಂದಳು ಮಗುವಿನ ಅಜ್ಜಿ. ಎಲ್ಲರೂ ಚಪ್ಪಾಳೆ ತಟ್ಟಿದರು. ತೆರೆದ ಆ ಬಾಯಿಗೆ ಮಗುವಿನ ಕೈಯಿಂದ ಕೇಕ್ ತುರುಕಿಸಿದರು. ಅದು ಜೊಲ್ಲು ಕಲೆಸಿಕೊಂಡು ಗದ್ದದ ಮೇಲೆ ಇಳಿಯುವಾಗ ಫ್ಲಾಶ್ ಬಿತ್ತು. ಮಗು ತನ್ನ ಬೆರಳನ್ನು ಅಮ್ಮನ ಸೀರೆಗೆ ಒರೆಸಿ "ಥೂ, ಎಂಜಲು" ಅಂದಿತು. ಆ ಹಾಲ್‌ನಲ್ಲಿ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಆಡಿದ್ದು ಆ ಮಗು ಒಂದೇ. ಆಮೇಲೆ ಕೇಸರಿಬಾತು ಬಡಿಸಿದರು. ನಮ್ಮವರು ತಿಂದರು. ತಿನ್ನದೆ ಏನು ಮಾಡುತ್ತಾರೆ.

ನನ್ನದು ಗುಬ್ಬಿ ತಾಲ್ಲೂಕಿನ ಹಾಗಲವಾಡಿ. ಪೋಲಿಯೋ ಕಾಲು. ಏಳನೇ ಕ್ಲಾಸಿನಲ್ಲಿ ಡ್ರಿಲ್ ಮೇಷ್ಟ್ರು ನನ್ನನ್ನು ಮುಂದೆ ನಡೆಸಿ, ಹಿಂದಿನ ಸಾಲಿಗೆಲ್ಲ "ಗಂಗರಾಜು ತರ ನಡೀರೋ" ಅಂದರು. ಇಡೀ ಸ್ಕೂಲು ಕುಂಟುತ್ತ ಮೈದಾನ ಸುತ್ತಿತು. ಮಾರನೇ ದಿನದಿಂದ ನಾನು ಹೋಗಲಿಲ್ಲ. ಹೋಮಿಗೆ ಸೇರಿದ ಮೇಲೆ, ನಡೆಯುವ ಶಕ್ತಿ ಇದ್ದದ್ದರಿಂದ, ನಡೆಯದವರ ಉಚ್ಚೆ ಬಳಿಯುವ ಕೆಲಸ ನನಗೆ ಬಂತು. ಅವರ ಕೈಕಾಲು ಆಡಿಸುವ ಕೆಲಸವನ್ನು ಮಾತ್ರ ಯಾರೂ ಕೊಟ್ಟಿರಲಿಲ್ಲ, ನಾನೇ ಹಿಡಿದುಕೊಂಡೆ.

ಒಮ್ಮೆ ಕ್ಯಾಂಪಿಗೆ ಬಂದಿದ್ದ ಡಾಕ್ಟರೊಬ್ಬರು ಚಿಕ್ಕರಂಗನ ಕೈ ನೋಡಿ, "ಯಾವತ್ತೂ ಎಳೀಬೇಡಪ್ಪ. ಆ ಕೈ ತಾನಾಗೇ ಏನಕ್ಕಾದ್ರೂ ಆಸೆಪಟ್ಟು ಚಾಚ್ಬೇಕು" ಅಂದಿದ್ದರು. ಅವನು ಆಸೆಪಡುವುದು ನನ್ನನ್ನು ಸೋಲಿಸುವುದಕ್ಕೆ ಅಂತ ನನಗೆ ಗೊತ್ತಿತ್ತು. ಅಳಗುಳಿಮಣೆ ತಂದು ಅವನ ತೊಡೆಯ ಮೇಲಿಟ್ಟೆ. ಹುಣಸೆಬೀಜವನ್ನು ಅವನ ಮುಷ್ಟಿಯಲ್ಲಿಟ್ಟು ಕಾದೆ. ಒಂದು ಬೀಜ ಬೀಳಬೇಕಾದರೆ ಅರ್ಧ ಗಂಟೆ. ನಡುವೆ ಬೈಗುಳ. ಹನ್ನೊಂದು ತಿಂಗಳಾದ ಮೇಲೆ ಒಂದು ದಿನ ಬಲಗೈ ಎದೆಯಿಂದ ಬಿಟ್ಟು, ನಡುಗುತ್ತ, ಗೇಣುದ್ದ ಮುಂದೆ ಬಂದು, ಬೇಕಾದ ಗುಳಿಗೇ ಬೀಜ ಹಾಕಿತು.

"ಸೋತೆ... ನನ್ಮಗನೆ" ಅಂದ ಚಿಕ್ಕರಂಗ.

ಸಂಧ್ಯಾ ಮೇಡಂ ಎಳೆದದ್ದು ಆ ಕೈಯನ್ನೇ.

ಮಾರನೇ ದಿನ ಕೈ ಬಾತು ನೀಲಿಗಟ್ಟಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೊಣಕೈ ಹತ್ತಿರ ಮೂಳೆ ಮುರಿದಿದೆ ಅಂತ ಪ್ಲಾಸ್ಟರ್ ಹಾಕಿದರು. ಮಂಚದಿಂದ ಬಿದ್ದ ಅಂತ ಅಧ್ಯಕ್ಷರು ಹೇಳಿಸಿದ್ದರು. ಹಾಗೆ ಹೇಳಿದವಳು ಅಡುಗೆಯ ಸಿದ್ದಲಕ್ಷ್ಮಮ್ಮ. ವಾಪಸ್ ಬಂದ ಮೇಲೆ ನಾನು ಅವಳನ್ನು ದುರುಗುಟ್ಟಿ ನೋಡಿದೆ.

"ಎಂಗ್ ನೋಡ್ತೀಯೋ ನೋಡ್ಕೊ. ನಂಗೂ ಹೊಟ್ಟೆ ಅದೆ ಕಣಪ್ಪ" ಅಂದಳು.

ನಾನು ಜಿಲ್ಲಾ ಕಚೇರಿಗೆ ಅರ್ಜಿ ಬರೆಯಲು ಕೂತೆ. ಅಂಗವಿಕಲರಿಗೆ ತೊಂಬತ್ತೈದರಲ್ಲೇ ಒಂದು ಕಾಯ್ದೆ ಆಗಿದೆ ಅಂತ ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಓದಿದ್ದೆ. ಸಿದ್ದಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಬಂದು ಮುಂದೆ ಕೂತಳು.

"ಬ್ಯಾಡ ಕಣೋ ಗಂಗ. ಈ ಹೋಮ್ ಮುಚ್ಸಿದ್ರೆ ನೀನೇನೋ ಎಲ್ಲಾದ್ರೂ ಬದುಕ್ಕೊತೀಯ. ಇವ್ನ ಅಣ್ಣ ಇವ್ನನ್ನ ತಿರ್ಗಾ ಕೊಟ್ಟಿಗೇಲಿ ಕಟ್ಟಾಕ್ತಾನೆ. ಬಂದಾಗ ಸೊಂಟದಲ್ಲಿ ಹಗ್ಗದ ಗಾಯ ಇತ್ತು, ನಾನೇ ತೊಳ್ದಿದ್ದು."

ನನ್ನ ಪೆನ್ನು ನಿಂತಿತು. ಚಿಕ್ಕರಂಗನನ್ನೇ ಕೇಳಿದೆ.

"ಏನ್ಲಾ, ಬರೀಲಾ? ಕೊಟ್ಟಿಗೆ ಆದ್ರೂ ಆಗ್ಬೋದು."

ಅವನು ಬಹಳ ಹೊತ್ತು ಬಾಯಿ ಆಡಿಸಿದ. "ಅಲ್ಲಿ... ಕಟ್ತಿದ್ರು. ಕೈ... ಮುಗಿಸ್ತಿರ್ಲಿಲ್ಲ. ಬರಿ."

ಬರೆದೆ. ಹೆಬ್ಬೆಟ್ಟನ್ನು ಎಡಗೈಯಿಂದ ಒತ್ತಿಸಿದೆ.

ಹನ್ನೆರಡು ದಿನಕ್ಕೆ ಜೀಪು ಬಂತು. ತನಿಖೆಯ ಅಧಿಕಾರಿ ಹನುಮಂತರಾಜು ಮೊದಲು ಅಧ್ಯಕ್ಷರ ತೋಟದ ಎಳನೀರು ಎರಡು ಕುಡಿದು, ಒಳಗಿನ ಗಂಜಿಯನ್ನು ಬೆರಳಲ್ಲೇ ಕೆರೆದು ತಿಂದು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ನಮ್ಮನ್ನೆಲ್ಲ ಮತ್ತೆ ಹಾಲ್‌ನಲ್ಲಿ ಸಾಲಾಗಿ ಕೂರಿಸಿದ್ದರು. ನನ್ನ ಅರ್ಜಿಯ ಒಂದು ಪ್ರತಿ ಆಗಲೇ ಅಧ್ಯಕ್ಷರ ಜೇಬಿನಲ್ಲಿತ್ತು.

"ಮೇಡಂ, ಇಂಥಾ ಟ್ರೀಟ್‌ಮೆಂಟ್ ಕೊಡೋರು ಡೆಲ್ಲೀಲಿ ರಿಜಿಸ್ಟರ್ ಆಗಿರ್ಬೇಕು, ಕಾನೂನು ಇದೆ. ನಿಮ್ದು?" ಅಂತ ಅಧಿಕಾರಿ ಸಂಧ್ಯಾಳನ್ನು ಕೇಳಿದರು.

"ಅಪ್ಲೈ ಮಾಡಿದೀವಿ ಸಾರ್, ಬರುತ್ತೆ."

"ಪೆಂಡಿಂಗ್ ಅಂತ ಬರ್ಕೋತೀನಿ." ಬರೆದುಕೊಂಡು ನನ್ನ ಕಡೆ ತಿರುಗಿದರು. "ನಿಂದೇನಯ್ಯ?"

"ಏಳನೇ ಕ್ಲಾಸು ಸಾರ್."

"ಮತ್ತೆ ರೋಗಿ ಮೈ ಮುಟ್ಟೋಕೆ ನಿಂಗೆ ಅಧಿಕಾರ ಕೊಟ್ಟೋರ್ಯಾರು?"

"ಉಚ್ಚೆ ಬಳಿಯಾಕೆ ಯಾರೂ ಸರ್ಟಿಫಿಕೇಟ್ ಕೇಳ್ಲಿಲ್ಲ ಸಾರ್."

"ಏಯ್, ಬಾಯಿ!" ಅಂದರು ಅಧ್ಯಕ್ಷರು. ಆಮೇಲೆ ದಿನಚರಿ ಪುಸ್ತಕ ತರಿಸಿ ಅಧಿಕಾರಿಯ ಮುಂದೆ ಬಿಚ್ಚಿಟ್ಟರು.

ನನ್ನ ಕೈಬರಹ ಚೆನ್ನಾಗಿದೆ ಅಂತ ಆ ಪುಸ್ತಕವನ್ನು ನನ್ನ ಕೈಲೇ ಬರೆಸುತ್ತಿದ್ದರು. ಸಂಧ್ಯಾ ಮೇಡಮ್ಮಿಗೆ ಸೈನ್ ಹಾಕಲು ಅನುಕೂಲವಾಗಲಿ ಅಂತ ಇಡೀ ವಾರದ್ದನ್ನು ಸೋಮವಾರವೇ ಬರೆದಿಡಬೇಕಿತ್ತು. ಅವಳ ಹೆಸರು ಬರಿ ಅಂದಿದ್ದರು. ಮಾಡುವವನು ನಾನು, ಹೆಸರು ಅವಳದು ಯಾಕೆ ಅಂತ ಒಂದು ಹಟಕ್ಕೆ ನಾನು ಪ್ರತಿ ಸಾಲಿನಲ್ಲೂ ನನ್ನ ಹೆಸರೇ ಬರೆಯುತ್ತಿದ್ದೆ. ಅವಳು ಓದದೆ ಸೈನ್ ಹಾಕುತ್ತಿದ್ದಳು.

ಅಧಿಕಾರಿ ಗಟ್ಟಿಯಾಗಿ ಓದಿದರು. "ಗುರುವಾರ. ಚಿಕ್ಕರಂಗಯ್ಯ. ಬಲಗೈ ಆಡಿಸುವುದು. ಆಡಿಸಿದವರು, ಗಂಗರಾಜು." ಕನ್ನಡಕದ ಮೇಲಿಂದ ನೋಡಿದರು. "ಕೈ ಮುರಿದಿದ್ದು ಗುರುವಾರ ತಾನೇ? ಇದು ನಿನ್ನ ಅಕ್ಷರ ತಾನೇ?"

"ಅದು ಸೋಮವಾರ ಬರ್ದಿದ್ದು ಸಾರ್. ಗುರುವಾರ ಎಳ್ದಿದ್ದು ಮೇಡಂ. ಅರವತ್ತು ಜನ ನೋಡವ್ರೆ. ಫೋಟೋ ಐತೆ."

"ಫೋಟೋದಲ್ಲಿ ಎಲ್ರೂ ನಗ್ತಾವ್ರೆ ಸಾರ್" ಅಂದರು ಅಧ್ಯಕ್ಷರು.

ಚಿಕ್ಕರಂಗ ತನ್ನ ವೀಲ್‌ಚೇರಿನಲ್ಲಿ ಒದ್ದಾಡತೊಡಗಿದ. ಕತ್ತಿನ ನರ ಉಬ್ಬಿತು. "ಗಂ... ಗಂಗ... ಅಲ್ಲ. ಅವ್ಳು... ಎಳ್ದಿದ್ದು."

"ಏನಂತೆ ಇದು?" ಅಂದರು ಅಧಿಕಾರಿ.

"ಊಟ ಚೆನ್ನಾಗದೆ ಅಂತಾನೆ ಸಾರ್" ಅಂದರು ಅಧ್ಯಕ್ಷರು.

"ಗಂಗ ಅಲ್ಲ, ಅವಳು ಎಳೆದಿದ್ದು ಅಂತ ಹೇಳ್ತಾವ್ನೆ ಸಾರ್" ಅಂದೆ.

"ನಿನ್ನ ಪರವಾಗಿ ನೀನೇ ಅರ್ಥ ಹೇಳಿದ್ರೆ ನಾನು ಬರ್ಕೊಳ್ಳೋಕಾಗುತ್ತಾ? ಬೇರೆ ಯಾರಿಗಾದ್ರೂ ಇವನ ಮಾತು ಅರ್ಥ ಆಗುತ್ತಾ?"

ಅಡುಗೆಮನೆ ಬಾಗಿಲಲ್ಲಿ ಸಿದ್ದಲಕ್ಷ್ಮಮ್ಮ ನಿಂತಿದ್ದಳು. ಅಧ್ಯಕ್ಷರು ಅವಳ ಕಡೆ ಒಮ್ಮೆ ನೋಡಿದರು. ಅವಳು ತಲೆ ತಗ್ಗಿಸಿದಳು.

ಅಧಿಕಾರಿ ಹಾಳೆ ಬರೆದು ಮುಗಿಸಿ ನನ್ನ ಕಡೆ ತಳ್ಳಿದರು. ಅದರಲ್ಲಿದ್ದದ್ದು ಇದು: ತರಬೇತಿ ಇಲ್ಲದ ನಾನು, ಯಾರ ಅಪ್ಪಣೆಯೂ ಇಲ್ಲದೆ, ಚಿಕ್ಕರಂಗಯ್ಯನ ಕೈ ಎಳೆದು ಮುರಿದೆ. ತಪ್ಪಾಯಿತು. ಇನ್ನು ಯಾರ ಮೈಯನ್ನೂ ಮುಟ್ಟುವುದಿಲ್ಲ.

"ಸೈನ್ ಮಾಡಿದ್ರೆ ಇಲ್ಲಿಗೆ ಮುಗೀತು. ಇಲ್ದಿದ್ರೆ ಪೊಲೀಸ್ಗೆ ಬರೀಬೇಕಾಗುತ್ತೆ."

ಅಧ್ಯಕ್ಷರು ಹೆಗಲ ಮೇಲೆ ಕೈ ಹಾಕಿದರು. "ಮಾಡ್ಲಾ ಮಗ. ಗೇಟ್ ತಾವ ಕೂತ್ಕೊ, ಅನ್ನ ತಿನ್ಕೊಂಡಿರು. ನಿನ್ನ ನಾನ್ ಕೈ ಬುಡ್ತೀನಾ? ಏನ್ ಹೇಳ್ತೀಯಾ, ಹೇಳು."

ನಾನು ಪೆನ್ನು ಮುಟ್ಟಲಿಲ್ಲ. ಎದ್ದು ಚಿಕ್ಕರಂಗನ ಹತ್ತಿರ ಹೋಗಿ ಬಗ್ಗಿದೆ.

"ಬತ್ತೀಯೇನ್ಲಾ?"

"ನಡಿ" ಅಂದ. ಒಂದೇ ಏಟಿಗೆ, ಇಡೀ ಹಾಲ್‌ಗೆ ಕೇಳುವಂತೆ.

ಆ ಕಟ್ಟಡಕ್ಕೆ ಇಳಿಜಾರು ಇರಲಿಲ್ಲ. ಬಾಗಿಲ ಮುಂದೆ ಗ್ರಾನೈಟಿನ ನಾಲ್ಕು ಮೆಟ್ಟಿಲು, ಒಂದೊಂದರ ಮೇಲೂ ಒಬ್ಬೊಬ್ಬ ದಾನಿಯ ಹೆಸರು. ಚೇರಿನ ಹಿಡಿ ಹಿಡಿದು ಮೇಲಿನ ಮೆಟ್ಟಿಲಲ್ಲಿ ನಿಂತೆ. ಇಳಿಸುವ ಬಲ ನನ್ನ ಕಾಲಿಗಿರಲಿಲ್ಲ. ಹಿಂದೆ ಸದ್ದಾಯಿತು. ಸಿದ್ದಲಕ್ಷ್ಮಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಯಾರ ಮುಖವನ್ನೂ ನೋಡದೆ, ಮುಂದಿನ ಚಕ್ರ ಹಿಡಿದಳು.

"ನಿಧಾನ ಕಣೋ. ಅವ್ನ ಕೈ ನೋಡ್ಕೊ."

ಒಂದೊಂದೇ ಹೆಸರಿನ ಮೇಲೆ ಚಕ್ರ ದಡಕ್ಕೆಂದು ಇಳಿಯಿತು. ಚಿಕ್ಕರಂಗ ಹಲ್ಲು ಕಚ್ಚಿ ಕೂತಿದ್ದ.

"ಏಯ್! ಎಲ್ಲಿಗ್ಲಾ?" ಅಧ್ಯಕ್ಷರು ಬಾಗಿಲಿಗೆ ಓಡಿಬಂದರು. "ಲೇ ಬೋಳಿಮಗನೆ, ಆ ಚೇರು ಟ್ರಸ್ಟಿಂದು ಕಣ್ಲಾ! ಚೇರ್ ಬುಟ್ಟೋಗ್ಲಾ!"

"ಏನ್ರೀ ಇದು, ಸೈನೇ ಆಗಿಲ್ಲ" ಅಂತ ಅಧಿಕಾರಿಯ ದನಿ ಒಳಗಿಂದ ಕೇಳಿಸಿತು.

"ಚೇರು! ಚೇರು ಕಣ್ಲಾ!"

ಚಿಕ್ಕರಂಗನ ಹೆಸರನ್ನು ಯಾರೂ ಕೂಗಲಿಲ್ಲ. ನಾನು ಚೇರು ತಳ್ಳಿಕೊಂಡು ಗೇಟು ದಾಟಿದೆ.